ಉಡಿಕೆಯ ಸೀರೆ

ಕುಷ್ಟಗಿಯ ಪಾರ್ವತೆಮ್ಮನ ಎದುರು "ನಿಮ್ಮ ಉಮಾಪತಿ ತೀರಿಕೊಂಡಿರಬೇಕು" ಎಂದವರು ಯಾರೂ ಮರ್ಯಾದೆಯಿಂದ ಮನೆಗೆ ಹೋಗಿದ್ದಿಲ್ಲ. "ನಿನ್ನ ನಾಲಿಗಿ ಸೇದಿಹೋಗ್ಲಿ!" ಎಂದು ಅಂಗಳದಿಂದಲೇ ಅಟ್ಟುತ್ತಿದ್ದಳು.

ಮಗ ಬ್ಯಾರಿಸ್ಟರ್ ಆಗಬೇಕೆಂದು ವಿಲಾಯತಿಗೆ ಹೋದದ್ದು ಸಾವಿರದ ಒಂಬೈನೂರ ಮೂವತ್ತೇಳರಲ್ಲಿ. ಮರುವರ್ಷ ಒಂದು ಮುಂಜಾನೆ ಕೋಣೆಯಿಂದ ಹೊರಬಿದ್ದವನು ತಿರುಗಿ ಬರಲಿಲ್ಲ. ಕೋಟು, ಪುಸ್ತಕ, ಹಾಸಿಗೆ ಎಲ್ಲ ಇದ್ದಲ್ಲೇ ಇದ್ದವು. ಅಲ್ಲಿಯ ಪೊಲೀಸರು ಹುಡುಕಿದರು. ಆಳೂ ಸಿಗಲಿಲ್ಲ, ಹೆಣವೂ ಸಿಗಲಿಲ್ಲ. ಆಮೇಲೆ ಯುದ್ಧ ಬಂತು, ಸುದ್ದಿಯೇ ನಿಂತುಹೋಯಿತು. ಊರ ಬಾಯಿಗೆ ಬೀಗ ಹಾಕುವವರು ಯಾರು? ಬಿಳಿ ಹೆಂಗಸನ್ನು ಕಟ್ಟಿಕೊಂಡ ಎಂದರು ಕೆಲವರು, ಹೊಳೆಗೆ ಬಿದ್ದ ಎಂದರು ಕೆಲವರು.

ಕಡಲು ದಾಟಿದ ಹುಡುಗ ಕೈತಪ್ಪಿಯಾನೆಂದು ಹೆದರಿ, ಹೋಗುವ ಮುಂಚೆ ಲಗ್ನ ಮಾಡಿದ್ದರು. ಎಂಥ ಜಾಣತನವೋ! ಯಲಬುರ್ಗಾದ ಶೇಖರಮ್ಮ ಗಂಡನ ಮುಖ ನೆಟ್ಟಗೆ ನೋಡುವ ಮೊದಲೇ ಅವನನ್ನು ಕಾಯುವವಳಾದಳು. ಈಗ ಅವಳಿಗೆ ಇಪ್ಪತ್ತೆರಡು.

ಉಮಾಪತಿ ಕಾಣೆಯಾಗಿ ಏಳು ವರ್ಷವಾದ ಆ ಬೇಸಿಗೆಯಲ್ಲಿ ಅವಳ ಅಪ್ಪ ಅಂದಪ್ಪ ಬಂದು ಪಡಸಾಲೆಯಲ್ಲಿ ತಲೆ ತಗ್ಗಿಸಿ ಕೂತ.

"ಅಕ್ಕಾರ, ಗಂಗಾವತಿ ಕಡಿಂದ ಛಲೋ ಮನಿಯವ್ರು ಶೇಖರಮ್ಮನ್ನ ಉಡಿಕಿ ಮಾಡ್ಕೊಂತೀವಿ ಅಂತಾರ್ರಿ. ಆದ್ರ ಗಂಡ ಸತ್ತಾನ ಅಂತ ಹೆತ್ತಾಕಿ ಬಾಯಿಲೆ ಬರಬೇಕಂತ. ಹಿರ್ಯಾರು ಹಟ ಹಿಡಿದಾರ."

"ಏಳ್ರಿ ಮ್ಯಾಲ! ನನ್ನ ಮಗ ಅದಾನ!" ಎಂದು ಗುಡುಗಿದಳು ಪಾರ್ವತೆಮ್ಮ. ಅಂದಪ್ಪ ಎದ್ದು ಹೋದ.

ಒಳಗೆ ಶೇಖರಮ್ಮ ರೊಟ್ಟಿ ಬಡಿಯುತ್ತಿದ್ದಳು. ಕಣ್ಣೀರು ಹಿಟ್ಟಿಗೆ ಬೀಳುತ್ತಿತ್ತು.

"ನಿನಗ ಹೋಗೂ ಮನಸೈತೇನ?" ಅತ್ತೆ ಕೇಳಿದಳು.

"ನೀವು ಇರು ಅಂದ್ರ ಇರ್ತೀನ್ರಿ ಅತ್ತಿ. ಆದ್ರ ನನಗೂ ಒಂದು ಕೂಸು ಬೇಕನಸ್ತೈತ್ರಿ."

ತಾನು ಹಿಡಿದ ಹಟದ ಕೆಳಗೆ ಈ ಹುಡುಗಿ ನಲುಗಿಹೋಗುತ್ತಿದ್ದಾಳೆಂದು ಪಾರ್ವತೆಮ್ಮನಿಗೆ ಅಂದು ಹೊಳೆಯಿತು.

ಮರುವಾರ ಮಠದಲ್ಲಿ ಹಿರಿಯರು ಕೂಡಿದರು. ಪಾರ್ವತೆಮ್ಮ ಎದ್ದು ನಿಂತಳು. "ನನ್ನ ಮಗ ಸತ್ತಾನ್ರಿ" ಎಂದಳು. ಹೆತ್ತವಳ ಬಾಯಿಂದ ಆ ಮಾತು, ಶಿವಶಿವಾ!

ಉಡಿಕೆಯೆಂದರೆ ಗಂಡ ಸತ್ತವಳ ಮರುಮದುವೆ, ಅದಕ್ಕೆ ಮುತ್ತೈದೆಯರು ಕೈಹಚ್ಚುವುದಿಲ್ಲ. ಮದುವಣಗಿತ್ತಿಗೆ ಸೀರೆ ಉಡಿಸುವುದು ಗಂಡ ಸತ್ತವರ ಕೆಲಸ. ಪಾರ್ವತೆಮ್ಮ ಗಂಡನನ್ನು ಕಳೆದುಕೊಂಡು ಬಹಳ ಕಾಲವಾಗಿತ್ತು. "ನಾನ ಉಡಸ್ತೀನಿ" ಎಂದು ಉಡಿಕೆಯ ದಿನ ತಾನೇ ಮುಂದೆ ಬಂದಳು. ನೆರಿಗೆ ಹಿಡಿದಳು, ಸೆರಗು ಹೊದಿಸಿದಳು, ಸೊಸೆಯ ಕೈಹಿಡಿದು ಬಂಡಿ ಹತ್ತಿಸಿದಳು.

ಬಂಡಿ ಮರೆಯಾದ ಮೇಲೆ ಹಿರಿಯ ದೇವೇಂದ್ರಪ್ಪ ಹತ್ತಿರ ಬಂದ. "ಭಾಳ ಛಲೋ ಮಾಡಿದಿ ತಂಗಿ. ಕಡೀಕೂ ಮಗ ಇಲ್ಲ ಅಂತ ಮನಸಿಗೆ ತಂದ್ಕೊಂಡಿ."

"ಯಾರು ಹೇಳಿದ್ರು ನಿಮಗ? ನನ್ನ ಮಗ ಅದಾನ್ರಿ. ನಾಳಿ ಬಂದು, ಯವ್ವಾ, ನನ್ನ ಹೇಂತಿ ಎಲ್ಲಿ ಅಂತಾನ. ನೀ ಸತ್ತೀ ಅಂತ ಹೇಳಿ ಕೊಟ್ಟಬಿಟ್ಟೆನಪ್ಪಾ ಅಂತ ನಾ ಹೇಳಬೇಕು."

ಅಷ್ಟು ಹೇಳಿ ಅಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತಳು.

"ಬೈಯಾಕರ ಬರ್ಲಿ ಅಣ್ಣಾರ. ನನ್ನ ಬೈಯಾಕರ ಬರ್ಲಿ."