ಮೀನಣ್ಣ ಮತ್ತೆ ಕೂಲಿಗೆ ಬಂದದ್ದು

"ಲೇ ಬಡ್ಡಿಮಗನೇ, ಸುತ್ತಿಗೆ ಹಿಡಿದಿದ್ದೀಯೋ, ಹೆಂಡ್ತಿ ಕೈ ಹಿಡಿದಿದ್ದೀಯೋ? ಬ್ಯಾಟರಿ ಒಡಿಯೋ ಅಂದ್ರೆ ತಟ್ಟಿ ಮಲಗಿಸ್ತಾ ಇದ್ದಾನೆ."

ಮೇಸ್ತ್ರಿ ಉಗಿದು ಅತ್ತ ಹೋದ. ಹೊಸ ಕೂಲಿಯವನು ಬೆವರು ಒರೆಸಿಕೊಂಡ. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ ದೊಡ್ಡಕ್ಕ ಹಳೇ ಬ್ಯಾಟರಿ ಒಡೆಯುವುದನ್ನು ನಿಲ್ಲಿಸದೆ, ತಲೆಯನ್ನೂ ಎತ್ತದೆ ಕೇಳಿದಳು.

"ಮತ್ತೆ ಬಂದ್ಯಾ ಮೀನಣ್ಣ?"

ಅವನ ಕೈಯಿಂದ ಸುತ್ತಿಗೆ ಜಾರಿತು.

ಗುರುತು ಹತ್ತದೆ ಏನು? ಎರಡು ವರ್ಷದ ಹಿಂದೆ ಹಳೇ ಶೆಡ್ಡಿನಲ್ಲಿ ಇದೇ ಹರಿದ ಅಂಗಿ ತೊಟ್ಟು ಎಂಟು ದಿನ ಕೂಲಿ ಮಾಡಿ ಹೋದ ಪೇಪರಿನವನು. ಅಂಗಿ ಹರಿದಿತ್ತು ನಿಜ, ಆದರೆ ಇಸ್ತ್ರಿಯಾಗಿತ್ತು. ಅವನ ಪಾಲಿನ ಬ್ಯಾಟರಿಗಳನ್ನೂ ದೊಡ್ಡಕ್ಕ ಮತ್ತವಳ ತಂಗಿಯೇ ಒಡೆದುಕೊಟ್ಟಿದ್ದರು. ಆಮೇಲೆ ಪೇಪರಿನಲ್ಲಿ ಬಂತು, ಶೆಡ್ಡಿನ ಆ್ಯಸಿಡ್ ಹರಿದು ಕೆರೆಯ ಮೀನು ಸತ್ತ ಸುದ್ದಿ. ಅರ್ಧ ಪುಟ ಮೀನಿನ ಫೋಟೋ, ಆಳುಗಳ ಬಗ್ಗೆ ಒಂದು ಸಾಲೂ ಇಲ್ಲ; ಅಂದಿನಿಂದ ಆಳುಗಳ ಬಾಯಲ್ಲಿ ಅವನು ಮೀನಣ್ಣ. ಅವನಿಗೆ ಪ್ರಶಸ್ತಿ, ಶೆಡ್ಡಿಗೆ ಬೀಗ. ಮೂರೇ ತಿಂಗಳಲ್ಲಿ ಅದೇ ಮಾಲೀಕ ಊರಾಚೆ ಈ ಶೆಡ್ಡು ತೆಗೆದ.

"ಅದು ನನ್ನ ಮೂರನೇ ಪ್ರಶಸ್ತಿ ಅಕ್ಕಾ," ಅಂದ, ಮೆಲ್ಲಗೆ.

"ಮೀನಿಗೂ ಒಂದು ಕೊಡಿಸಬೇಕಿತ್ತು ಕಣಪ್ಪ. ಸಾಯೋ ಕೆಲಸ ಅದೇ ತಾನೇ ಮಾಡಿದ್ದು."

ಸುತ್ತಲಿದ್ದವರು ಕೆಮ್ಮುತ್ತಲೇ ನಕ್ಕರು.

"ಈ ಸಲ ನಿಮ್ಮ ಬಗ್ಗೆನೇ ಬರೀತೀನಿ. ನಿಮ್ಮ ತಂಗಿ ಎಲ್ಲಿ?"

"ಮನೇಲಿ. ಎರಡೂ ಮಣಿಕಟ್ಟು ಜೋತುಬಿದ್ದಿವೆ. ತಲೆ ಬಾಚ್ಕೊಳ್ಳೋಕೂ ಆಗಲ್ಲ."

ಸೀಸದ ಧೂಳು ಮೈಗಿಳಿದರೆ ಹಾಗಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಪರಿಹಾರ ಕೇಳಲು ಹೋದರೆ ಕಾರ್ಮಿಕರ ಆಫೀಸಿನವನು ಹಲ್ಲು ಕಡ್ಡಿಯಲ್ಲಿ ಕೆದಕುತ್ತಾ ಹೇಳಿದ: ಆ ಶೆಡ್ಡಿನಲ್ಲಿ ಆಳುಗಳೇ ಇಲ್ಲ, ಒಡೆಯುವುದೆಲ್ಲ ಮೆಷಿನ್ನು, ಇನ್ಸ್‌ಪೆಕ್ಟರು ಕಣ್ಣಾರೆ ನೋಡಿ ಬರೆದಿದ್ದಾರೆ. ಅದೇನೂ ಸುಳ್ಳಲ್ಲ. ಇನ್ಸ್‌ಪೆಕ್ಟರು ಬರುವ ದಿನ ಆಳುಗಳನ್ನೆಲ್ಲ ಲಾರಿಗೆ ತುಂಬಿ, ಮೇಲೆ ಟಾರ್ಪಾಲು ಎಳೆದು, ಅವರು ಹೋಗುವ ತನಕ ಊರು ಸುತ್ತಿಸುವುದು ಇಲ್ಲಿಯ ಪದ್ಧತಿ.

"ಇವತ್ತೂ ಬರ್ತಾನಂತೆ. ನಾನು ಲಾರಿ ಹತ್ತಲ್ಲ," ಅಂದಳು ದೊಡ್ಡಕ್ಕ. "ಇಲ್ಲಿ ಮನುಷ್ಯರಿದ್ದಾರೆ ಅಂತ ಒಂದು ಕಾಗದದಲ್ಲಿ ಬಂದ್ರೆ ಸಾಕು, ನನ್ನ ತಂಗಿಗೊಂದು ದಾರಿಯಾಗುತ್ತೆ. ನೀನು ಪಕ್ಕದಲ್ಲೇ ನಿಂತು ಫೋಟೋ ಹೊಡಿ. ಆಯ್ತಾ?"

"ಖಂಡಿತ ಅಕ್ಕಾ. ನಮ್ಮಮ್ಮನಾಣೆ."

ಹನ್ನೊಂದಕ್ಕೆ ಮೇಸ್ತ್ರಿ ಸೀಟಿ ಊದಿದ. "ಹತ್ರೋ, ಹತ್ರೋ. ಜೀಪು ತಿರುವಿಗೆ ಬಂದಿದೆ."

"ಅಕ್ಕಾ, ಬರೋದು ಯಾರು? ದಪ್ಪ ಕನ್ನಡಕದವರಾ?"

"ಹೂಂ. ಅವನೇ."

ಮೀನಣ್ಣನ ಮುಖ ಸುಣ್ಣವಾಯಿತು. "ಪ್ರಶಸ್ತಿ ಕೊಟ್ಟಾಗ ನನ್ನ ಪಕ್ಕದ ಕುರ್ಚೀಲೇ ಕೂತಿದ್ರು. ಅವರಿಗೆ ನನ್ನ ಮುಖ ಗೊತ್ತು."

"ನಮ್ಮದು ಗೊತ್ತಿಲ್ಲವಲ್ಲ ಮಾರಾಯ. ಅದಕ್ಕೇ ಕೂತಿರೋದು."

"ಗುಟ್ಟು ಹೊರಬಿದ್ರೆ ಇಡೀ ತನಿಖೆನೇ ಹಾಳಾಗುತ್ತೆ. ಮುಂದಿನ ಸಲ ಅವರು ಬಂದಾಗ..." ಎನ್ನುತ್ತಲೇ ಎದ್ದ. ಎರಡು ಶೆಡ್ಡುಗಳಲ್ಲಿ ಕಲಿಯದ ಚುರುಕು ಆ ಒಂದು ಗಳಿಗೆಯಲ್ಲಿ ಬಂದುಬಿಟ್ಟಿತು. ಲಾರಿ ಹತ್ತಿದವರಲ್ಲಿ ಅವನೇ ಮೊದಲಿಗ. ಕ್ಯಾಮೆರಾ ಗುಂಡಿಯೊಳಗಿತ್ತು, ಗುಂಡಿ ಅಂಗಿಯಲ್ಲಿತ್ತು, ಅಂಗಿ ಟಾರ್ಪಾಲಿನಡಿ ಹೋಯಿತು.

"ಏಳೇ ಮುಂಡೆ," ಮೇಸ್ತ್ರಿ ದೊಡ್ಡಕ್ಕನ ತುರುಬಿಗೆ ಕೈಹಾಕಿದ. "ನಿಂಗೆ ಬೇರೆ ಕರೆಯೋಲೆ ಬರೀಬೇಕಾ?"

"ಬರಿ. ಅದ್ರಲ್ಲಾದ್ರೂ ನಾನಿಲ್ಲಿದ್ದೆ ಅಂತಿರುತ್ತೆ."

ಅಷ್ಟರಲ್ಲಿ ಗೇಟಿನ ಬಳಿ ಜೀಪಿನ ಹಾರನ್ನು. ಲಾರಿ ಹಿಂದಿನ ದಾರಿಯಲ್ಲಿ ಹೊರಟಿತು. ಮೇಸ್ತ್ರಿ ತುರುಬು ಬಿಟ್ಟು, ಹೊರಗೋಡಿ, ತಗಡಿನ ಬಾಗಿಲು ಎಳೆದು ಚಿಲಕ ಹಾಕಿದ. ದೊಡ್ಡಕ್ಕ ಕತ್ತಲಲ್ಲೇ ಸುತ್ತಿಗೆ ತಡಕಿ ಒಂದು ಬ್ಯಾಟರಿ ಒಡೆದಳು. ಇನ್ನೊಂದು ಒಡೆದಳು.

"ಏನ್ರೀ ಅದು ಸದ್ದು?" ಬಾಗಿಲಾಚೆ ಇನ್ಸ್‌ಪೆಕ್ಟರ ದನಿ.

"ಮೆಷಿನ್ನು ಸಾರ್. ಹಳೇದು, ಸ್ವಲ್ಪ ಗಲಾಟೆ ಜಾಸ್ತಿ."

"ಹಾಗೇ ಬರ್ಕೊಳ್ತೀನಿ."

ದೊಡ್ಡಕ್ಕ ಎದ್ದು ಬಂದು ಬಾಗಿಲಿಗೇ ಬೀಸಿದಳು. ತುಕ್ಕು ಹಿಡಿದ ತಗಡು ಬಿರಿದು ಅಂಗೈಯಗಲ ಬೆಳಕು ಒಳಬಿತ್ತು. ಅವಳು ಆ ಬಿರುಕಿಗೆ ಬಾಯಿ ಹಚ್ಚಿದಳು.

"ಸಾರ್, ಮೆಷಿನ್ನಿಗೆ ಬಾಯಾರಿದೆ. ಒಂದು ಲೋಟ ನೀರು ಕೊಡಕ್ಕೆ ಹೇಳಿ."

ನೀರೂ ಬರಲಿಲ್ಲ, ಬಾಗಿಲೂ ತೆರೆಯಲಿಲ್ಲ. ಅವಳು ಸುತ್ತಿಗೆಯನ್ನು ಮತ್ತೆ ಎತ್ತಿದಳು, ಈ ಸಲ ಚಿಲಕವಿದ್ದ ಕಡೆಗೆ.