ಪುಟ್ಟ ದೋಣಿಗೆ ತಗಡು ಬಗ್ಗಿಸುವ ಯಂತ್ರ

ಅಂಗಡಿಯ ಬಾಗಿಲವರೆಗೆ ಗಂಡ ಚೆನ್ನಾಗಿಯೇ ಬಂದ. ಬಸ್ಸಿನಲ್ಲಿ ಉದ್ದಕ್ಕೂ ಹಿತ್ತಾಳೆ ತಗಡು ಎಷ್ಟು ದಪ್ಪವಿರಬೇಕು, ದೋಣಿಯ ಕ್ಯಾಬಿನ್ನಿಗೆ ಮೂಲೆ ಹೇಗೆ ಕೂರಬೇಕು ಎಂದು ಬಿಡದೆ ಕೊರೆದ. ಒಳಗೆ ಸಾಲಾಗಿ ನಿಂತ ಯಂತ್ರಗಳು ಕಂಡದ್ದೇ ತಡ, ಮಾತು ನಿಂತಿತು. ಬಲಗೈ ತಾನಾಗಿ ಪ್ಯಾಂಟಿನ ಜೇಬಿಗೆ ಹೋಯಿತು. ಹೆಂಡತಿ ಅದನ್ನು ನೋಡಿಯೂ ನೋಡದವಳಂತೆ ಒಳಗೆ ನಡೆದಳು. ಬೀದಿಯವರೆಲ್ಲ ಅವಳನ್ನು ಟೈಲರಮ್ಮ ಎನ್ನುತ್ತಾರೆ, ನಾವೂ ಹಾಗೇ ಕರೆಯೋಣ.

ಆ ಬಲಗೈಯಲ್ಲಿ ಹೆಬ್ಬೆರಳು ಅರ್ಧವಿದೆ, ತೋರುಬೆರಳು ಇಲ್ಲವೇ ಇಲ್ಲ. ತಗಡಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ದೊಡ್ಡ ಬೆಂಡಿಂಗ್ ಮಷೀನು ಅವನ್ನು ನುಂಗಿ ಮೂರು ವರ್ಷವಾಯಿತು. ಕೆಲಸಗಾರನದೇ ಅಜಾಗ್ರತೆ ಎಂದು ಕಾರ್ಖಾನೆಯವರು ಕೈತೊಳೆದುಕೊಂಡರು. ಇವನೋ, ಹೂಂ ಎಂದು ಒಪ್ಪಿಕೊಂಡು ಮನೆಗೆ ಬಂದ. ಆ 'ಹೂಂ' ಅನ್ನು ಟೈಲರಮ್ಮ ಇಂದಿಗೂ ಕ್ಷಮಿಸಿಲ್ಲ. ಹೊಲಿಗೆ ಯಂತ್ರ ತುಳಿಯುವಾಗಲೆಲ್ಲ ಕಾರ್ಖಾನೆಯ ಮಾಲೀಕನಿಗೆ ಹಿಡಿಶಾಪ ಹಾಕುತ್ತಾಳೆ. ಬೈಗುಳಕ್ಕೂ ಪೆಡಲಿಗೂ ಒಂದೇ ತಾಳ ಕೂತುಬಿಟ್ಟಿದೆ. ಗಂಡ ಮಾತ್ರ ಗೋಡೆ ನೋಡುತ್ತ ಕೂತ. ಕೇಳಿದರೆ ಹೂಂ, ಕೇಳದಿದ್ದರೆ ಅದೂ ಇಲ್ಲ.

ಮಾತು ಮರಳಿ ಬಂದದ್ದು ದೋಣಿಯಿಂದ. ಪಾರ್ಕಿನ ಕೊಳದಲ್ಲಿ ಭಾನುವಾರ ಮಾದರಿ ದೋಣಿ ಬಿಡುವವರ ಒಂದು ಗುಂಪಿದೆ. ಅದರ ಮುಖಂಡನಿಗೆ ಕ್ಯಾಪ್ಟನ್ ಎಂದು ಹೆಸರು. ನಿವೃತ್ತ ಪೋಸ್ಟ್‌ಮಾಸ್ಟರ್, ಪುಣ್ಯಾತ್ಮನಿಗೆ ಈಜು ಕೂಡ ಬಾರದು. ಆತ ಕೊಟ್ಟ ಮರದ ತುಂಡಿನಲ್ಲಿ ಗಂಡ ಮೊದಲ ದೋಣಿ ಕೆತ್ತಿದ, ಆಮೇಲೆ ಎರಡನೆಯದು. ಊಟಕ್ಕೆ ಕೂತಾಗ ಮಾತಾಡತೊಡಗಿದ, ಒಮ್ಮೊಮ್ಮೆ ನಕ್ಕ ಕೂಡ. ಮೂರನೆಯ ದೋಣಿಗೆ ಹಿತ್ತಾಳೆಯ ಕ್ಯಾಬಿನ್ನೇ ಬೇಕೆಂದು ಹಟ ಹಿಡಿದ. ಎರಡು ಹಲಗೆಗಳ ನಡುವೆ ತಗಡು ಕಚ್ಚಿಸಿ ಸುತ್ತಿಗೆಯಲ್ಲಿ ಬಡಿದದ್ದೆಲ್ಲ ಸೊಟ್ಟಗಾಯಿತು. ಬಗ್ಗಿಸಲು ಒಂದು ಪುಟ್ಟ ಯಂತ್ರ ಬೇಕು ಎಂದು ಅವನೇ ಹೇಳಿದ. ಹೇಳಿದವನು ತಿಂಗಳುಗಟ್ಟಲೆ ಈ ಅಂಗಡಿಯ ಬೀದಿಗೆ ಕಾಲಿಡಲಿಲ್ಲ. ಇತ್ತೀಚೆಗೆ ಅವನ ಕುರ್ಚಿ ಮತ್ತೆ ಗೋಡೆಯ ಕಡೆ ತಿರುಗಿತ್ತು. ಯಂತ್ರ ನೋಡೋಣ ಬನ್ನಿ ಎಂದು ಇವತ್ತು ಹೆಂಡತಿಯೇ ಹೊರಡಿಸಿದ ಮೇಲೆ ಬಸ್ಸಿನಲ್ಲಿ ಮಾತು ಮರಳಿತ್ತು.

ಟೈಲರಮ್ಮನ ಪಾಡು ಅತ್ತ ದರಿ ಇತ್ತ ಪುಲಿ. ಯಂತ್ರ ಮನೆಗೆ ಬಂದರೆ ಉಳಿದ ಬೆರಳುಗಳ ಚಿಂತೆ. ಬರದಿದ್ದರೆ ದೋಣಿ ಹೋಯಿತು, ಅದರ ಜೊತೆಗೆ ಮಾತೂ ಹೋಯಿತು. ಮಾತಿಲ್ಲದ ಗಂಡನ ಜೊತೆ ಇನ್ನೊಂದು ಸಲ ಬಾಳುವುದು ತನ್ನಿಂದಾಗದು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಇದು ನೋಡಿ ಅಮ್ಮ, ಒಂದರಲ್ಲೇ ಮೂರು," ಎಂದ ಅಂಗಡಿಯವ, ಹಸಿರು ಬಣ್ಣದ ಯಂತ್ರದ ಬೆನ್ನು ತಟ್ಟುತ್ತ. "ಕತ್ತರಿಸತ್ತೆ, ಬಗ್ಗಿಸತ್ತೆ, ಸುತ್ತತ್ತೆ. ಹ್ಯಾಂಡಲ್ ತಿರುಗಿಸಿದ್ರೆ ಸಾಕು, ಮೇಲಿನ ಹಲ್ಲು ಇಳಿದು ಮಡಿಚ್ಬಿಡತ್ತೆ."

"ಮೂಲೇಲಿರೋ ಆ ಚಿಕ್ಕದು?"

"ಅದಾ? ಎರಡು ಕಡೆ ಸ್ಕ್ರೂ ಬಿಗೀಬೇಕು, ಹಿಡಿಗಳನ್ನ ಎರಡೂ ಕೈಲಿ ಎತ್ತಬೇಕು. ಒಂದು ಮಡಿಕೆ ಆಗೋಷ್ಟರಲ್ಲಿ ಒಂದು ನಿದ್ದೆ ತೆಗೀಬಹುದು. ಯಾರೂ ಕೇಳಲ್ಲ ಅದನ್ನ."

"ರೀ, ಬನ್ನಿ ಇಲ್ಲಿ. ನೀವೇ ನೋಡಿ."

ಗಂಡ ಬಾಗಿಲ ಬಳಿಯಿಂದ ಕದಲಲಿಲ್ಲ. "ಇನ್ನೊಂದು ದಿನ ಬರೋಣ," ಎಂದ.

ಇನ್ನೊಂದು ದಿನ ಎಂಬುದು ಬರುವುದಿಲ್ಲ ಎಂದು ಅವಳಿಗೆ ಗೊತ್ತು. ಚೀಲದಿಂದ ಹಿತ್ತಾಳೆ ತುಂಡನ್ನು ತೆಗೆದು ಹಸಿರು ಯಂತ್ರದ ಮುಂದೆ ನಿಂತಳು. "ನಾನೇ ನೋಡ್ತೀನಿ ಬಿಡಿ. ಬಟ್ಟೆ ಮಡಿಚೋಳಿಗೆ ತಗಡು ಯಾವ ಲೆಕ್ಕ?"

ಗಂಡ ಮನೆಯಲ್ಲೇ ಎಳೆದಿದ್ದ ಗೀಟನ್ನು ಹಲ್ಲಿನ ನೇರಕ್ಕೆ ಹೊಂದಿಸಿ ತಗಡು ಇಟ್ಟಳು. ಅಂಗಡಿಯವ ಹ್ಯಾಂಡಲ್ ತಿರುಗಿಸಿದ. ಹಲ್ಲು ಇಳಿದು, ತಗಡನ್ನು ಸ್ವಲ್ಪವೇ ಬಗ್ಗಿಸಿ, ಮೇಲೆ ಎದ್ದಿತು. "ನೋಡಿದ್ರಾ, ಬೆಣ್ಣೆ. ಈಗ ಪೂರ್ತಿ ಕೂರಿಸೋಣ," ಎಂದು ಮತ್ತೆ ತಿರುಗಿಸತೊಡಗಿದ. ಕಣ್ಣು ಗಿರಾಕಿಯ ಮುಖದ ಮೇಲೆ, ನಾಲಿಗೆ ಗ್ಯಾರಂಟಿಯ ಮೇಲೆ.

ಮಡಿಕೆ ಒಂದು ಕೊನೆಯಲ್ಲಿ ಕೂದಲೆಳೆಯಷ್ಟು ಉಬ್ಬಿದ್ದು ಟೈಲರಮ್ಮನಿಗೆ ಕಂಡಿತು. ಮುಂದಿನದನ್ನು ಅವಳು ಯೋಚಿಸಿ ಮಾಡಲಿಲ್ಲ. ಬಟ್ಟೆಯ ಅಂಚು ಮಡಿಚುವವರು ಮಡಿಕೆ ಮೂಡುತ್ತಲೇ ಅದರ ಉದ್ದಕ್ಕೂ ಹೆಬ್ಬೆರಳು ಸವರಿ ಕೂರಿಸುತ್ತಾರೆ. ಕೈ ಅದಕ್ಕೆ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಅವಳ ಹೆಬ್ಬೆರಳು ಇಳಿಯುತ್ತಿದ್ದ ಹಲ್ಲಿನ ಕೆಳಗೆ ಹೋಯಿತು.

ಮಣಿಕಟ್ಟಿಗೆ ಪೆಟ್ಟು ಬಿತ್ತು. ಅಷ್ಟು ಜೋರಾಗಿ ಜೀವಮಾನದಲ್ಲಿ ಅವಳಿಗೆ ಯಾರೂ ಹೊಡೆದಿರಲಿಲ್ಲ. ಕೈ ಪಕ್ಕಕ್ಕೆ ಹಾರಿತು, ತಗಡು ನೆಲಕ್ಕೆ ಬಿತ್ತು. ತಿರುಗಿ ನೋಡಿದರೆ, ಬಾಗಿಲಿಂದ ಯಾವ ಮಾಯದಲ್ಲಿ ಬಂದಿದ್ದನೋ, ಗಂಡನ ಅರ್ಧ ಹೆಬ್ಬೆರಳಿನ ಬಲಗೈ ಹ್ಯಾಂಡಲನ್ನು ಅಮುಕಿ ಹಿಡಿದಿತ್ತು.

"ನಿಲ್ಸಪ್ಪ," ಎಂದ ಅಂಗಡಿಯವನಿಗೆ, ಮೆಲ್ಲಗೆ.

ಅಂಗಡಿಯವ ಹ್ಯಾಂಡಲ್ ಬಿಟ್ಟು ಹಿಂದೆ ಸರಿದ. ಟೈಲರಮ್ಮ ತನ್ನ ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಗೀರು ಕೂಡ ಬಿದ್ದಿರಲಿಲ್ಲ. ಹೆದರಿಕೆ ಎಂದಿನಂತೆ ಬೈಗುಳವಾಗಿ ಹೊರಬಂತು.

"ಇಂಥದ್ದನ್ನ ಮನೇಲಿ ಇಟ್ಕೊಳೋದಾ? ಬೇಡವೇ ಬೇಡ. ನಿಮ್ಮ ಬೆರಳು ತಿಂದು ನಿಮ್ಮದೇ ತಪ್ಪು ಅಂದ್ರಲ್ಲ ಆ ಹಾಳಾದೋರು, ಅದಕ್ಕೆ ನೀವು ಹೂಂ ಅಂದು ಬಂದ್ರಲ್ಲ..."

"ನನ್ನದೇ ತಪ್ಪು," ಎಂದ ಗಂಡ. "ಅವತ್ತು ನಾನೂ ಹೀಗೇ ಸವರಿದೆ ಕಣೇ."

"ಏನು ಸವರಿದ್ರಿ?"

"ಮಡಿಕೆ." ಅವನು ನೆಲದ ಮೇಲಿನ ತಗಡನ್ನೇ ನೋಡುತ್ತಿದ್ದ. "ಆಗ ನಿನಗೆ ಶಾಲೆ ಯೂನಿಫಾರಂ ಕೆಲಸ ರಾಶಿ ಬಿದ್ದಿತ್ತಲ್ಲ. ಡ್ಯೂಟಿ ಮುಗಿಸಿ ಬಂದು ನಿನ್ನ ಪಕ್ಕ ಕೂತು ಅಂಚು ಮಡಿಚಿ ಕೊಡ್ತಿದ್ದೆ. ಹೆಬ್ಬೆರಳಲ್ಲಿ ಗಟ್ಟಿಯಾಗಿ ಸವರಿ ಅಂತ ನೀನೇ ಹೇಳ್ಕೊಟ್ಟೆ. ರೂಢಿಯಾಗೋಯ್ತು. ಬಟ್ಟೆ ಯಾವುದು, ತಗಡು ಯಾವುದು, ಕೈಗೇನು ಗೊತ್ತು?"

ಮೂರು ವರ್ಷ ಅವಳು ಯಾರ್‍ಯಾರಿಗೋ ಶಾಪ ಹಾಕಿದ್ದಳು. ಅದನ್ನೆಲ್ಲ ಅವನು ಗೋಡೆ ನೋಡುತ್ತ ಕೇಳಿಸಿಕೊಂಡಿದ್ದ.

"ಯಾಕೆ ಹೇಳ್ಲಿಲ್ಲ ನನಗೆ?"

"ಹೇಳಿದ್ರೆ ನೀನು ಹೊಲಿಯೋದೇ ಬಿಟ್ಬಿಡ್ತಿದ್ದೆ."

ಅದು ಸುಳ್ಳಲ್ಲ. ಬಾಯಿ ಬಿಟ್ಟರೆ ಎಲ್ಲಿ ಇದೇ ಹೊರಬೀಳುತ್ತದೋ ಎಂದು ಅವನು ಬಾಯನ್ನೇ ಮುಚ್ಚಿಕೊಂಡಿದ್ದ. ಟೈಲರಮ್ಮ ಇದು ಅಂಗಡಿ ಎಂಬುದನ್ನೂ ಮರೆತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಂಗಡಿಯವನಿಗೆ ಅದೇ ಹೊತ್ತಿಗೆ ಒಳಗಿನ ಕಪಾಟಿನ ಧೂಳು ಒರೆಸುವ ಕೆಲಸ ನೆನಪಾಯಿತು.

ಅಳು ತಗ್ಗಿದಾಗ ಗಂಡ ಮೂಲೆಯ ಯಂತ್ರದ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ. "ಮೇಲಿನ ಪಟ್ಟಿ ತುಂಡು ತುಂಡಾಗಿ ಬಿಚ್ಚಿ ಬರತ್ತೆ ನೋಡು. ಕ್ಯಾಬಿನ್ನಿನ ನಾಲ್ಕನೇ ಗೋಡೆ ಮಡಿಚೋವಾಗ ಮೊದಲಿನವು ಅಡ್ಡ ಬರದೇ ಇರೋಕೆ ಅದು ಬೇಕು," ಎಂದ. ತಗಡು ಇಟ್ಟು ಎಡಗೈಯಲ್ಲಿ ಒಂದೊಂದೇ ಸ್ಕ್ರೂ ಬಿಗಿದ. ಬಲಗೈಯ ಮೂರು ಬೆರಳು ಒಂದು ಹಿಡಿಯ ಮೇಲೆ, ಎಡಗೈ ಇನ್ನೊಂದರ ಮೇಲೆ. "ಎರಡೂ ಕೈ ಇಲ್ಲಿದ್ರೇನೇ ಇದು ಏಳೋದು. ಒಳಗೆ ಹಾಕೋಕೆ ಮೂರನೇ ಕೈ ಎಲ್ಲಿಂದ ತರಲಿ?"

ಅವನು ಎತ್ತಿದ. ಹಿತ್ತಾಳೆ ನೇರವಾಗಿ ಮಡಿಚಿಕೊಂಡು ನಿಂತಿತು.

"ಇನ್ನೊಂದು ಸಲ ಮಾಡಿ," ಎಂದಳು ಟೈಲರಮ್ಮ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಅವನ ಪಕ್ಕಕ್ಕೆ ಬಂದು ನಿಂತಳು. ಅವನು ತಗಡು ತಿರುಗಿಸಿಟ್ಟು, ಬಿಗಿದು, ಎತ್ತಿದ. ಮಡಿಕೆ ಏಳುತ್ತಿದ್ದಂತೆ ಬೆನ್ನ ಹಿಂದೆ ಅವಳ ಹೆಬ್ಬೆರಳು ಮತ್ತೆ ಅಲುಗಿತು. ಅವಳು ಅದನ್ನು ಇನ್ನೊಂದು ಕೈಯ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.