ಠಣ್ ಎನ್ನದ ಪಿಸ್ತೂಲು

ದೇವಳಾಲಿ ಮಿಲಿಟರಿ ಕ್ಯಾಂಪಿನ ತೋಪುಗಳಿಗೆ ಶ್ರುತಿ ಕೊಡುವವನು ನಾನೇ. ಬೆಳಿಗ್ಗೆ ಪಂಚವಟಿಯ ನನ್ನ ಪಾತ್ರೆ ಅಂಗಡಿಯ ಬಾಗಿಲು ತೆಗೆದು, ದೊಡ್ಡ ಹಂಡೆಗೆ ಬೆರಳ ಗೆಣ್ಣಿನಿಂದ ಒಂದು ಏಟು ಕೊಟ್ಟೆನೆಂದರೆ ಆ ನಾದ ಗೋದಾವರಿ ದಾಟಿ ಕ್ಯಾಂಪು ಮುಟ್ಟುತ್ತದೆ; ತೋಪುಗಳು ಗಂಟಲು ಸರಿಮಾಡಿಕೊಂಡು ನಿಲ್ಲುತ್ತವೆ. ಒಮ್ಮೆ ಜ್ವರ ಬಂದು ನಾನು ಅಂಗಡಿ ತೆರೆಯಲಿಲ್ಲ. ಅಂದು ತೋಪುಗಳು ಕೆಮ್ಮಿದವೇ ಹೊರತು ಹಾರಲಿಲ್ಲ. ಸಂಜೆಯ ಹೊತ್ತಿಗೆ ಒಬ್ಬ ಕರ್ನಲ್ ಸಾಹೇಬರು ಖುದ್ದಾಗಿ ಕಷಾಯ ಹಿಡಿದುಕೊಂಡು ನನ್ನ ಮನೆಯ ಮೆಟ್ಟಿಲು ಹತ್ತಿದರು.

ಭಾಲ್ಕಿಯಿಂದ ಬಂದ ಶಿವರಾಯನೆಂದರೆ ನಾಸಿಕದ ಪಾತ್ರೆ ಪೇಟೆಯಲ್ಲಿ ತಕ್ಕಡಿಗಳೂ ತಲೆ ಬಾಗಿಸುತ್ತವೆ. ಸದ್ದಿನಿಂದಲೇ ಕಂಚು ಯಾವುದು, ಹಿತ್ತಾಳೆ ಯಾವುದು, ಎಲ್ಲಿ ಬಿರುಕಿದೆ, ಎರಕ ಹೊಯ್ದವನು ಅಂದು ಊಟ ಮಾಡಿದ್ದನೋ ಇಲ್ಲವೋ, ಎಲ್ಲ ಹೇಳಿಬಿಡುತ್ತೇನೆ.

ಈ ಮಾತುಗಳನ್ನೆಲ್ಲ ಒಂದಕ್ಷರ ಬಿಡದೆ ನಂಬಿದವನು ನನ್ನ ತಂಗಿ ಜಯಮಾಲಾಳ ಗಂಡ ರವಿಕಾಂತ. ಬ್ಯಾಂಕಿನವನು, ಕಲಬುರಗಿಯಿಂದ ವರ್ಗವಾಗಿ ಬಂದವನು. ಅವನ ಬ್ಯಾಂಕಿನಲ್ಲಿ ಬಂಗಾರದ ಮೇಲೆ ಸಾಲ ಬೇಕೆಂದರೆ ಸರಾಫ ಒಡವೆಯನ್ನು ಉಜ್ಜಿ ನೋಡಿ ಹೂಂ ಅನ್ನಬೇಕು, ಆಮೇಲೆಯೇ ಸಹಿ. ಆ ಪದ್ಧತಿಯನ್ನು ಅವನು ಮನೆಗೂ ತಂದಿದ್ದ. ಫ್ರಿಜ್ಜಿಗೆ ಒಬ್ಬ ಸರಾಫ, ಮಾವಿನಹಣ್ಣಿಗೆ ಇನ್ನೊಬ್ಬ. ಲೋಹವೆಂದರೆ ನಾನು.

ಹಾಗಾಗಿ ಅವನ ಮಗಳು ಮೃದುಲಾಳಿಗೆ ಪಿಸ್ತೂಲು ಕೊಳ್ಳುವ ಮಾತು ಬಂದಾಗ ಕರೆ ಬಂದದ್ದು ನನಗೇ. ಗಾಳಿಯ ಒತ್ತಡದಿಂದ ಛರ್ರಾ ಎಂಬ ಸಣ್ಣ ಸೀಸದ ಗುಂಡು ಹಾರಿಸುವ, ಲೈಸೆನ್ಸಿನ ಗೊಡವೆಯಿಲ್ಲದ ಸ್ಪರ್ಧೆಯ ಪಿಸ್ತೂಲು. ಹುಡುಗಿ ಹನ್ನೊಂದನೆಯ ತರಗತಿ. ಶೂಟಿಂಗ್ ಕ್ಲಬ್ಬಿನ ಹಳೆಯ ಪಿಸ್ತೂಲಿನಲ್ಲೇ ಜಿಲ್ಲೆಗೆ ಮೊದಲು ಬಂದಿದ್ದಳು. ಆದರೆ ಆ ಒಂದು ಪಿಸ್ತೂಲಿಗೆ ಹತ್ತಾರು ಕೈಗಳು. ಪ್ರತಿಯೊಬ್ಬರೂ ಟ್ರಿಗರನ್ನು ತಮ್ಮ ಬೆರಳಿಗೆ ಹೊಂದುವಂತೆ ತಿರುವಿಟ್ಟು ಹೋಗುತ್ತಿದ್ದರು. ಮುಂದಿನ ತಿಂಗಳು ರಾಜ್ಯಮಟ್ಟದ ಆಯ್ಕೆ. ಸ್ವಂತದ್ದೊಂದು ಸಿಕ್ಕರೆ ಹೋಗುವುದು, ಇಲ್ಲದಿದ್ದರೆ ಶೂಟಿಂಗ್ ಬಿಟ್ಟು ಇಂಜಿನಿಯರಿಂಗ್ ಪ್ರವೇಶದ ಕ್ಲಾಸಿಗೆ ಸೇರುವುದು ಎಂದು ರವಿಕಾಂತ ಹೇಳಿಬಿಟ್ಟಿದ್ದ.

ಹೆಸರುವಾಸಿ ಕಂಪನಿಯದನ್ನು ಹೊಸದಾಗಿ ಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ಸಂಭಾಜಿನಗರದ ನಿವೃತ್ತ ಕ್ರೀಡಾ ಶಿಕ್ಷಕರೊಬ್ಬರು, ಪಾಟೋದಕರ್ ಎಂದು, ತಮ್ಮ ಪಿಸ್ತೂಲು ಮಾರುತ್ತಾರೆಂದು ಕ್ಲಬ್ಬಿನಲ್ಲಿ ತಿಳಿಯಿತು. ಬೆಲೆ ನಲವತ್ತು ಸಾವಿರ. ಹೆಸರು ಹೆಲ್ಡಾನ್. ಯುರೋಪಿನ ಯಾವುದೋ ಸಣ್ಣ ಕಾರ್ಖಾನೆಯದು, ಪೂರಾ ಲೋಹದ ಚೌಕಟ್ಟು. ಕ್ಲಬ್ಬಿನಲ್ಲಿ ಯಾರೂ ಆ ಹೆಸರು ಕೇಳಿರಲಿಲ್ಲ.

"ಭಾವಾ, ಹೆಸರಿಲ್ಲದ ಮಾಲು," ಎಂದ ರವಿಕಾಂತ. "ನೀವು ಹೂಂ ಅಂದ್ರ ತಗೋತೀನಿ. ಬ್ಯಾಡ ಅಂದ್ರ ಅಲ್ಲಿಗೇ ಬಿಡ್ತೀನಿ."

"ಪಿಸ್ತೂಲೇನ್ರಿ, ತೋಪಿನ ಮರಿ," ಎಂದೆ ನಾನು.

ಆ ಕಾಲದಲ್ಲಿ ಬಸ್ಸಿನ ಬೋರ್ಡಿನ ಮೇಲೆ ಔರಂಗಾಬಾದ್ ಎಂದಿರುತ್ತಿತ್ತು, ಕಂಡಕ್ಟರು ಸಂಭಾಜಿನಗರ ಎಂದು ಕೂಗುತ್ತಿದ್ದ. ಯೇವಲಾ ದಾಟುವಷ್ಟರಲ್ಲಿ ನಾನು ಅರ್ಧ ಬಸ್ಸಿಗೆ ನನ್ನ ಲೋಹವಿದ್ಯೆ ಹಂಚಿ ಮುಗಿಸಿದ್ದೆ. ಮೃದುಲಾ ಮಾತ್ರ ಕಿಟಕಿಯ ಪಕ್ಕ ಕೂತು, ಬಲಗೈ ನೀಟಾಗಿ ಚಾಚಿ, ಬರಿಗೈಯಲ್ಲೇ ಹೊಲಗಳಿಗೆ ಗುರಿ ಹಿಡಿಯುತ್ತಿದ್ದಳು.

ಪಾಟೋದಕರರ ಮನೆ ಸಿಡ್ಕೋ ಬಡಾವಣೆಯಲ್ಲಿ. ಹಿತ್ತಾಳೆಯ ಲೋಟಗಳಲ್ಲಿ ನೀರು ಕೊಟ್ಟು, ಪೆಟ್ಟಿಗೆ ತೆರೆದರು. ಮರದ ಹಿಡಿ, ಉಳಿದದ್ದೆಲ್ಲ ಮಂಕು ಬೂದಿ ಬಣ್ಣದ ಲೋಹ. ನಾನು ಅದನ್ನೆತ್ತಿ ಅಂಗೈಯಲ್ಲಿ ತೂಗಿದೆ. ಮೂಸಿದೆ. ಎಡ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು, ಎಲ್ಲರೂ ಉಸಿರು ಹಿಡಿಯುವ ತನಕ ಕಾಯ್ದು, ಗೆಣ್ಣಿನಿಂದ ಒಂದು ಏಟು ಕೊಟ್ಟೆ.

ಠಕ್.

ಇನ್ನೊಂದು ಕೊಟ್ಟೆ. ಮತ್ತೆ ಠಕ್. ನನ್ನ ಅಂಗಡಿಯಲ್ಲಿ ಹೀಗೆ ಸತ್ತ ಸದ್ದು ಮಾಡುವ ಪಾತ್ರೆ ನೇರ ಕರಗಿಸಲು ಇಟ್ಟ ಮೋಡಕಿನ ರಾಶಿಗೆ.

"ಒಳಗ ಬಿರುಕದ," ಎಂದೆ. "ಬ್ಯಾಡ್ರಿ."

ರವಿಕಾಂತ ಹಣವಿದ್ದ ಚೀಲದ ಜಿಪ್ಪು ಎಳೆದು ಮುಚ್ಚಿಬಿಟ್ಟ. ಪಾಟೋದಕರರಿಗೆ ಕನ್ನಡ ಬಾರದು, ಆದರೆ ಜಿಪ್ಪಿನ ಭಾಷೆ ಎಲ್ಲರಿಗೂ ಬರುತ್ತದೆ. ಅವರ ಮುಖ ಸಪ್ಪಗಾಯಿತು.

"ಪಪ್ಪಾ, ಥಾಂಬಾ ನಾ, ಸ್ವಲ್ಪ ತಡೀರಿ," ಎಂದಳು ಮೃದುಲಾ. "ನಾ ನೋಡಿಲ್ಲ ಇನ್ನ."

"ಮಾಮಾ ನೋಡ್ಯಾರಲ್ಲ."

"ಮಾಮಾ ಬಡದಾರ. ನೋಡಿಲ್ಲ."

ಅವಳು ಪಿಸ್ತೂಲನ್ನು ತೆಗೆದುಕೊಂಡಳು. ಗಾಳಿ ತುಂಬದೆ ಬರೀ ಟ್ರಿಗರ್ ಸಿದ್ಧಮಾಡಿ, ನಳಿಕೆಯ ಮೇಲೆ ಒಂದು ರೂಪಾಯಿ ನಾಣ್ಯವಿಡಲು ನನಗೆ ಹೇಳಿದಳು. ಟ್ರಿಗರ್ ಎಳೆದಳು. ನಾಣ್ಯ ಮಿಸುಕಲಿಲ್ಲ; ಎಳೆತ ಅಷ್ಟು ನಯ. ಮತ್ತೆ ಎಳೆದಳು, ನಾಣ್ಯ ಅಲ್ಲೇ ಮಲಗಿತ್ತು. ನಂತರ ಮನೆಯ ಉದ್ದನೆಯ ಪಡಸಾಲೆಯ ಕೊನೆಯಲ್ಲಿ ಪಾಟೋದಕರರು ಗುರಿಹಲಗೆ ನಿಲ್ಲಿಸಿದರು. ಅವಳು ಸನ್ನೆಗೋಲು ಎಳೆದು ಗಾಳಿ ತುಂಬಿ ತಕ್ಷಣ ಒಂದು ಛರ್ರಾ ಹಾರಿಸಿದಳು. ಮತ್ತೆ ಗಾಳಿ ತುಂಬಿದಳು, ಆದರೆ ಹಾರಿಸಲಿಲ್ಲ. ಪಿಸ್ತೂಲನ್ನು ಮೇಜಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಇಟ್ಟು ಚಹಾ ಕುಡಿಯತೊಡಗಿದಳು.

"ಏನವಾ ಇದು?" ಎಂದೆ.

"ಗಾಳಿ ಸೋರ್ತದೇನು ನೋಡ್ಲಕತ್ತೀನಿ, ಮಾಮಾ. ಒಳಗಿನ ರಬ್ಬರು ಹೋಗಿದ್ರ ಜೋರು ಕಮ್ಮಿ ಆಗಿ ಗುರಿ ಕೆಳಗ ಬೀಳ್ತದ."

ಚಹಾ ಮುಗಿದ ಮೇಲೆ ಎದ್ದು ಹಾರಿಸಿದಳು. ನಾನೇ ಹೋಗಿ ಕಾಗದ ತಂದೆ. ಎರಡನೆಯ ತೂತು ಮೊದಲನೆಯದರ ಅಂಚು ಕಚ್ಚಿಕೊಂಡಿತ್ತು. ಕಾಗದ ತಿರುಗಿ ಸಿಕ್ಕಿಸಿದ ಮೇಲೆ ಇನ್ನೂ ಮೂರು ಹಾರಿಸಿದಳು. ಎಲ್ಲ ಸೇರಿ ಒಂದೇ ತೂತು, ನನ್ನ ಹೆಬ್ಬೆರಳಿನ ಉಗುರು ಮುಚ್ಚುವಷ್ಟು. ಇದನ್ನು ಮಾತ್ರ ನಾನು ಒಂದು ಎಳೆಯೂ ಹೆಚ್ಚಿಸಿ ಹೇಳುತ್ತಿಲ್ಲ. ಆ ಕಾಗದ ನೋಡಿ ನನ್ನ ಎದೆ ಹಂಡೆಯಷ್ಟಾಯಿತು.

"ಹಿಡಿ ನನ್ನ ಕೈಗೆ ದೊಡ್ಡದು," ಎಂದಳು ಮೃದುಲಾ ಅಪ್ಪನಿಗೆ, "ಮರ ಕೆತ್ತಿಸಬೇಕು. ಹಿಂದಿನ ಸೈಟಿನ ಸ್ಕ್ರೂ ಸವದದ. ಉಳಿದದ್ದು ಛಲೋ ಅದ. ಹೆಸರಿಲ್ಲ ಅಂತ ಇಷ್ಟಕ್ಕ ಸಿಗ್ಲಕತ್ತದ ಪಪ್ಪಾ. ಹೆಸರಿದ್ರ ನಮಗ ಎಟಕ್ತಿರಲಿಲ್ಲ."

ರವಿಕಾಂತ ಕಾಗದ ನೋಡಿದ, ಮಗಳನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. "ಆದ್ರ ಭಾವ ಬಿರುಕದ ಅಂತಾರಲ್ಲ. ಮಿಲಿಟರಿಯವರೇ ಅವರನ್ನ ಕೇಳ್ತಾರ. ಇವತ್ತು ಛಲೋ ಹಾರ್ತು, ನಾಳೆ ಒಡೀತು ಅಂದ್ರ?"

ಹುಡುಗಿ ಮೇಜಿನ ಮೇಲಿನ ಹಿತ್ತಾಳೆ ಲೋಟವನ್ನು ಎರಡು ಬೆರಳಲ್ಲಿ ಅಂಚು ಹಿಡಿದೆತ್ತಿ ಗೆಣ್ಣಿನಿಂದ ತಟ್ಟಿದಳು. ಠಣ್ ಎಂದಿತು. ಅದೇ ಲೋಟವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ತಟ್ಟಿದಳು. ಠಕ್.

"ಮಾಮಾ, ನಿಮ್ಮ ಅಂಗಡ್ಯಾಗ ಮುಷ್ಟಿಯಾಗ ಹಿಡದು ಬಡೀತೀರೇನು?"

ಬಡಿಯುವುದಿಲ್ಲ. ನಮ್ಮ ಪೇಟೆಗೆ ಹೊಸದಾಗಿ ಬಂದ ಆಳೂ ಹಾಗೆ ಬಡಿಯುವುದಿಲ್ಲ. ಮೇಲಾಗಿ ಪಿಸ್ತೂಲು ಟೊಳ್ಳು ಪಾತ್ರೆಯೂ ಅಲ್ಲ. ಆದರೂ ಸೋಲೊಪ್ಪುವ ನಾಲಿಗೆಯೇ ನನ್ನದು? "ನಿನ್ನನ್ನ ಪರೀಕ್ಷೆ ಮಾಡ್ಲಕತ್ತಿದ್ದೆ," ಎಂದು ಗಂಟಲು ಸರಿಮಾಡಿಕೊಂಡೆ.

ರವಿಕಾಂತ ಇದನ್ನೆಲ್ಲ ಮರಾಠಿಯಲ್ಲಿ ಪಾಟೋದಕರರಿಗೆ ಹೇಳಿದ. ತೋಪುಗಳ ವಿಷಯವನ್ನೂ ಸೇರಿಸಿ. ಆ ಹಿರಿಯರು ಬಹಳ ಗೌರವದಿಂದ ಎದ್ದು, ಪಿಸ್ತೂಲು ಮತ್ತು ಒಂದು ಛರ್ರಾ ನನ್ನ ಕೈಗಿಟ್ಟು, "ಬಘಾ, ನೀವೇ ಒಂದು ಹಾರಿಸಿ ನೋಡಿ ಸಾಹೇಬ್," ಎಂದು ಮರಾಠಿಯಲ್ಲಿ ಹೇಳಿದರು.

ನಾನು ಛರ್ರಾವನ್ನು ಬಹಳ ಗತ್ತಿನಿಂದ ಎತ್ತಿ ನಳಿಕೆಯ ಮುಂದಿನ ಬಾಯಿಗೆ ತುರುಕಿದೆ.

ಪಾಟೋದಕರರು ಮೆಲ್ಲಗೆ ನನ್ನ ಕೈಯಿಂದ ಪಿಸ್ತೂಲು ಬಿಡಿಸಿಕೊಂಡರು. ಹಿಂದಿನಿಂದ ತುಂಬಬೇಕಿತ್ತಂತೆ. ಮೃದುಲಾ ಸೀಲಿಂಗ್ ಫ್ಯಾನ್ ನೋಡುತ್ತಿದ್ದಳು. ಅವಳ ತುಟಿ ನಡುಗುತ್ತಿತ್ತು, ನಗುವಿಗೋ ಅಳುವಿಗೋ ತಿಳಿಯಲಿಲ್ಲ.

"ಭಾವಾ," ಎಂದ ರವಿಕಾಂತ, ಬ್ಯಾಂಕಿನ ದನಿಯಲ್ಲಿ, "ನೀವು ಮೊದಲ ಸಲ ಪಿಸ್ತೂಲು ಹಿಡಿದಿದ್ದು ಯಾವಾಗ?"

ಬಾಯಿಗೆ ಮೂವರು ಕರ್ನಲ್‌ಗಳು, ಒಬ್ಬ ಜನರಲ್ ಬಂದು ನಿಂತರು. ಅವರಲ್ಲಿ ಯಾರನ್ನು ಹೊರಗೆ ಬಿಟ್ಟರೂ ಹುಡುಗಿಯ ಆಯ್ಕೆ ಅಲ್ಲಿಗೇ ಮುಗಿಯುತ್ತಿತ್ತು. ನಾಲ್ವರನ್ನೂ ನುಂಗಿದೆ.

"ಇವತ್ತೇ, ರವಿಕಾಂತ್ ಅವ್ರ," ಎಂದೆ. "ಕ್ಯಾಂಪಿನ ಗೇಟು ದಾಟಿ ಒಳಗ ಹೋದವನಲ್ಲ ನಾನು. ತೋಪು ನೋಡಿದ್ದು ಟೀವಿಯಾಗ, ಪರೇಡಿನಾಗ. ದೀಪಾವಳಿಗೆ ಲಕ್ಷ್ಮಿ ಪಟಾಕಿ ಹಚ್ಚೋದು ನನ್ನ ಹೆಂಡ್ತಿ. ನಾ ಒಳಗ ಬಾಗಿಲು ಹಾಕ್ಕೊಂಡು ಕೂಡ್ತೀನಿ. ಬಿರುಕು ಗಿರುಕು ನನಗೇನೂ ಕೇಳಿಲ್ಲ. ಬಾಯಿಗೆ ಬಂತು, ಅಂದೆ. ಪಾತ್ರೆ ಆದ್ರ ನನ್ನ ಕೇಳ್ರಿ. ಇದಕ್ಕ ಸರಾಫ ನಿಮ್ಮ ಮಗಳು. ಆಕಿ ಹೂಂ ಅಂದಾಳ."